ಮಾಲಿನ ಪಟ್ಟಿಯಲ್ಲಿ ಇಲ್ಲದ್ದು

ತೊಂಬತ್ತರ ದಶಕದ ಕೊನೆಯಿಂದ ಕೆಲವು ವರ್ಷ ನಾನು ಪುಣೆಯ ಒಂದು ಇಂಗ್ಲಿಷ್ ದಿನಪತ್ರಿಕೆಗೆ ಶಿವಾಜಿನಗರದ ಕೋರ್ಟಿನ ಸುದ್ದಿ ಬರೆಯುತ್ತಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿ ಹೋಗಿ ಕೂರುವುದು, ಸಂಜೆ ಆರರೊಳಗೆ ಕ್ಯಾಂಪ್ ಬಡಾವಣೆಯ ಕಚೇರಿಗೆ ಬಂದು ಟೈಪು ಮಾಡುವುದು. ನಮ್ಮ ಮುಖ್ಯ ಉಪಸಂಪಾದಕರು ಮೊದಲ ದಿನವೇ ಒಂದು ಮಾತು ಹೇಳಿದ್ದರು: ಕೋರ್ಟಿನಲ್ಲಿ ಹೇಳಿದ್ದನ್ನು ಬರಿ, ನಿನಗೆ ಅನಿಸಿದ್ದನ್ನು ಮನೆಗೆ ತೆಗೆದುಕೊಂಡು ಹೋಗು. ಹಾಗೆ ಮನೆಗೆ ತೆಗೆದುಕೊಂಡು ಹೋದದ್ದರಲ್ಲಿ ಇದೂ ಒಂದು.

ಕ್ಯಾಂಪಿನಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುವ ಒಂದು ಅಂಗಡಿ ಇತ್ತು. ಅದರ ಯಜಮಾನರಿಗೆ ಅರವತ್ತು ದಾಟಿತ್ತು. ಬಿಜಾಪುರ ಜಿಲ್ಲೆಯವರು, ಪುಣೆಗೆ ಬಂದು ಮೂವತ್ತು ವರ್ಷವಾಗಿತ್ತು. ಗಂಡಹೆಂಡತಿ ಇಬ್ಬರೇ ಹಡಪಸರದ ಆಚೆ ಹೊಸದಾಗಿ ಎದ್ದ ಬಡಾವಣೆಯೊಂದರ ನೆಲಮಹಡಿಯಲ್ಲಿದ್ದರು. ಒಂದು ಬೆಳಿಗ್ಗೆ ಆರರ ಹೊತ್ತಿಗೆ, ನೀರಿನ ಟ್ಯಾಂಕು ನೋಡಬೇಕು ಎಂದು ಮೂವರು ಬಾಗಿಲು ತಟ್ಟಿದರು. ಹೆಂಡತಿ ಬಾಗಿಲು ತೆಗೆದರು. ಅವರನ್ನು ಬಚ್ಚಲಿಗೆ ನೂಕಿ ಹೊರಗಿನಿಂದ ಚಿಲಕ ಹಾಕಿದ ಆ ಮೂವರು ಒಳಗಿನ ಕೋಣೆಗೆ ನುಗ್ಗಿದರು. ಯಜಮಾನರು ಅಲ್ಲಿ ಪೂಜೆಗೆ ಕೂತಿದ್ದರು. ಕಬ್ಬಿಣದ ಸರಳಿನಿಂದ ಹೊಡೆದರು, ಎಡಗೈಯ ಮಣಿಕಟ್ಟು ಮುರಿಯಿತು. ಕಪಾಟಿನಲ್ಲಿದ್ದ ಬಂಗಾರದ ಬೋರಮಾಳ ಸರ, ಎರಡು ಬಳೆ, ಒಂದು ಚೈನು, ಕೈಗಡಿಯಾರ ಎತ್ತಿಕೊಂಡು ಹೋದರು. ಎಲ್ಲ ಮುಗಿಯಲು ಹತ್ತು ನಿಮಿಷವೂ ಹಿಡಿದಿರಲಿಲ್ಲ. ಆರು ದಿನಗಳ ನಂತರ ಪೊಲೀಸರು ಮೂವರನ್ನು ಹಿಡಿದರು.

ವಿಚಾರಣೆ ಶುರುವಾಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಸರ್ಕಾರಿ ವಕೀಲರ ಕೈಯಲ್ಲಿ ಉಳಿದಿದ್ದ ಪುರಾವೆ ತೀರ ತೆಳುವಾಗಿತ್ತು. ಬಂಗಾರ ಸಿಕ್ಕಿರಲಿಲ್ಲ. ಅದನ್ನು ಒಬ್ಬ ಅಕ್ಕಸಾಲಿಗನಿಗೆ ಮಾರಿದ್ದಾರೆಂದು ಪೊಲೀಸರ ಕಾಗದ ಹೇಳುತ್ತಿತ್ತು. ಆ ಅಕ್ಕಸಾಲಿಗ ಸಾಕ್ಷಿ ಕಟ್ಟೆಗೆ ಬಂದು, ಈ ಮೂವರನ್ನು ತಾನು ಕಂಡೇ ಇಲ್ಲ ಎಂದ. ಸರಳು ಸಿಕ್ಕಿತ್ತು, ಆದರೆ ಅದರ ಮೇಲೆ ರಕ್ತದ ಕಲೆ ಇರಲಿಲ್ಲ. ಜೈಲಿನಲ್ಲಿ ಗುರುತಿನ ಪರೇಡು ನಡೆದಾಗ ಏಳು ವಾರ ಕಳೆದಿತ್ತು. ಅಷ್ಟರೊಳಗೆ ಹೆಂಡತಿ ಠಾಣೆಗೆ ಹೋದಾಗ ಲಾಕಪ್ಪಿನಲ್ಲಿ ಇಬ್ಬರನ್ನು ನೋಡಿಬಿಟ್ಟಿದ್ದರು. ಮೊದಲನೆಯ ಮತ್ತು ಎರಡನೆಯ ಆರೋಪಿ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದವರು. ಆ ಕೋಣೆಯ ಜಪ್ತಿಗೆ ಪಂಚನಾಗಿ ಸಹಿ ಹಾಕಿದ್ದ ಹಣ್ಣಿನ ವ್ಯಾಪಾರಿಯೂ ತಿರುಗಿಬಿದ್ದ. ಪೊಲೀಸರು ತೋರಿಸಿದ ಕಡೆ ಸಹಿ ಹಾಕಿದೆ, ಏನು ಸಿಕ್ಕಿತೋ ಯಾರು ತೆಗೆದುಕೊಟ್ಟರೋ ನನಗೆ ನೆನಪಿಲ್ಲ ಎಂದ. ಸರ್ಕಾರಿ ವಕೀಲರು ಬಿಡದೆ ಕೇಳಿದಾಗ ಒಂದು ಮಾತು ಮಾತ್ರ ಅವನ ಬಾಯಿಂದ ಬಂತು: ಇವರು ಕಲ್ಲನ್ನೂ ಬಿಡದೆ ಬರೆದುಕೊಳ್ಳುತ್ತಿದ್ದರು ಸಾಹೇಬ್, ನನಗೆ ನಗು ಬಂದಿತ್ತು. ಕೋರ್ಟಿನಲ್ಲಿದ್ದವರೂ ನಕ್ಕರು. ನಾನು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ, ಪತ್ರಿಕೆಗೆ ಕೊಡಲಿಲ್ಲ.

ಆರೋಪಿಗಳ ವಕೀಲರು ಒಳ್ಳೆಯ ವಕೀಲರು. ಆ ಸಂಜೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ, ಇನ್ನು ಮುದುಕನೊಬ್ಬ ಉಳಿದಿದ್ದಾನೆ, ಆಮೇಲೆ ಕೇಸು ಮುಗಿದ ಹಾಗೆಯೇ ಎಂದರು. ನನ್ನ ಲೆಕ್ಕವೂ ಅದೇ ಆಗಿತ್ತು.

ಯಜಮಾನರು ಸಾಕ್ಷಿ ಹೇಳಬೇಕಿದ್ದ ದಿನ ಗಂಡಹೆಂಡತಿ ಇಬ್ಬರೂ ಹತ್ತಕ್ಕೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ನಮ್ಮ ತಂದೆಯ ಊರೂ ಬಿಜಾಪುರದ ಕಡೆಯದೇ ಎಂದು ಎರಡು ಮಾತಿನಲ್ಲೇ ಹೆಂಡತಿಗೆ ತಿಳಿದುಹೋಯಿತು. ಡಬ್ಬಿಯಿಂದ ಒಂದು ಶೇಂಗಾ ಹೋಳಿಗೆ ತೆಗೆದು ನನ್ನ ಕೈಗಿಟ್ಟರು. ಕೇಸಿನ ವಿಷಯ ಮಾತಾಡಬಾರದು ಎಂದೆ. "ಹೋಳಿಗಿ ತಿನ್ನಾಕ ಕೇಸ್ ಯಾಕ ಬೇಕವಾ" ಎಂದರು. ಯಜಮಾನರು ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅದರ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

ಅವರು ಕನ್ನಡದಲ್ಲೇ ಸಾಕ್ಷಿ ಹೇಳುತ್ತೇನೆಂದು ಕೇಳಿಕೊಂಡಿದ್ದರು. ಮೂವತ್ತು ವರ್ಷ ಮರಾಠಿಯಲ್ಲಿ ವ್ಯಾಪಾರ ಮಾಡಿದವರಿಗೆ ಕನ್ನಡ ಯಾಕೆ ಎಂದು ಆರೋಪಿಗಳ ವಕೀಲರು ಆಕ್ಷೇಪಿಸಿದರು. ಅಂಗಡಿಯ ಮರಾಠಿ ಬೇರೆ, ಪ್ರಮಾಣ ಮಾಡಿ ಹೇಳುವ ಮಾತು ಬೇರೆ ಎಂದು ಯಜಮಾನರೇ ಮರಾಠಿಯಲ್ಲಿ ಉತ್ತರ ಕೊಟ್ಟರು. ನ್ಯಾಯಾಧೀಶರು ಐವತ್ತರ ಆಸುಪಾಸಿನ ಮಹಿಳೆ, ಮಾತು ಕಡಿಮೆ. ಅವರು ಒಪ್ಪಿದರು. ಸೊಲ್ಲಾಪುರದ ಕಡೆಯ ಒಬ್ಬ ಹಿರಿಯ ಗುಮಾಸ್ತರನ್ನು ದುಭಾಷಿಯಾಗಿ ಕರೆಸಿದರು. ಗುಮಾಸ್ತರು ಬಂದವರೇ ಸಾಕ್ಷಿಗೆ ಒಂದು ಬುದ್ಧಿ ಹೇಳಿದರು: "ಯಜಮಾನ್ರ, ಕೇಳಿದಷ್ಟ ಹೇಳ್ರಿ. ಇಡೀ ಅಂಗಡಿ ತಗದು ಹಾಸಬ್ಯಾಡ್ರಿ."

ಅವರು ಕೇಳಿದಷ್ಟೇ ಹೇಳಿದರು. ಮೂವರು ಬಂದರು. ಇಬ್ಬರು ಎದುರಿಗೆ ನಿಂತರು, ಒಬ್ಬ ಕಪಾಟು ತೆಗೆದ. ಕೈಯ ಮೇಲೆ ಹೊಡೆದರು. ಯಾವ ಕೈ? ಎಡಗೈ. ಯಾಕೆ ಅದೇ ಕೈ? ಮುಷ್ಟಿ ಕಟ್ಟಿದ್ದೆ. ಮುಷ್ಟಿಯಲ್ಲಿ ಏನಿತ್ತು?

ಯಜಮಾನರು ಉತ್ತರ ಕೊಡಲಿಲ್ಲ. ಸರ್ಕಾರಿ ವಕೀಲರು ಮತ್ತೆ ಕೇಳಿದರು. ನ್ಯಾಯಾಧೀಶರು ಸ್ವಲ್ಪ ಕಾದು, ಸಾಕ್ಷಿ ಸುಮ್ಮನಿದ್ದಾರೆ ಎಂದು ಬರೆಸಿದರು.

ಮುಂದಿನದು ಜಪ್ತಿಯಾದ ಮಾಲನ್ನು ಸಾಕ್ಷಿಗೆ ತೋರಿಸುವ ಕೆಲಸ. ಗುರುತಿಸಬೇಕಾಗಿದ್ದದ್ದು ಸರಳೊಂದನ್ನೇ. ಮಾಲುಕೋಣೆಯ ಸಿಬ್ಬಂದಿ ತನ್ನ ರೂಢಿಯಂತೆ, ಒಂದೇ ಸಲ ಮತ್ತೆ ಕಟ್ಟಿಡಬಹುದೆಂದು ನಾಲ್ಕೂ ಪೊಟ್ಟಣಗಳ ಅರಗು ಒಡೆದು ಮೇಜಿನ ಮೇಲೆ ಸಾಲಾಗಿ ಬಿಚ್ಚಿಟ್ಟ. ಸರಳು, ಒಂದು ಚಾಕು, ಒಂದು ಅಂಗಿ. ನಾಲ್ಕನೆಯ ಪೊಟ್ಟಣದಲ್ಲಿ ಕಪ್ಪಗೆ, ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದೊಂದು ವಸ್ತು. ಆ ಬಾಡಿಗೆ ಕೋಣೆಯ ಪಂಚನಾಮೆಯಲ್ಲಿ ಅದರ ಮುಂದೆ ಹೀಗೆ ಬರೆದಿತ್ತು: ದುಂಡನೆಯ ಕಪ್ಪು ಕಲ್ಲು ಒಂದು, ಬೆಲೆ ಇಲ್ಲ.

ಯಜಮಾನರು ಕಟ್ಟೆಯಲ್ಲಿ ನಿಂತಲ್ಲೇ ಚಪ್ಪಲಿ ಬಿಟ್ಟರು.

"ಚಪ್ಪಲ್ ಯಾಕ ಬಿಟ್ರಿ?" ಗುಮಾಸ್ತರು ಮೆಲ್ಲಗೆ ಕೇಳಿದರು.

"ಅದು ನಂದದ್ರಿ."

ನ್ಯಾಯಾಧೀಶರು ಕೈ ಎತ್ತಿದರು. ಆ ಪೊಟ್ಟಣವನ್ನು ತಕ್ಷಣ ಮುಚ್ಚಲು ಹೇಳಿದರು. ಮೇಜಿಗೂ ಕಟ್ಟೆಗೂ ಹತ್ತು ಅಡಿ ದೂರವಿತ್ತು. ಆ ದೂರವನ್ನೂ ಬರೆಸಿದರು. ಆಮೇಲೆ, ಅದು ಏನು ಎಂದು ಕೇಳಿದರು.

"ನನ್ನ ಇಷ್ಟಲಿಂಗರಿ."

ಕನ್ನಡದವರಿಗೆ ಇದನ್ನು ವಿವರಿಸಬೇಕಿಲ್ಲ. ಕೋರ್ಟಿಗೆ ವಿವರಿಸಬೇಕಿತ್ತು. ನ್ಯಾಯಾಧೀಶರು ಗುಮಾಸ್ತರ ಕಡೆ ತಿರುಗಿ, ನಿಮಗೆ ಇದು ಗೊತ್ತೇ ಎಂದರು. ಸೊಲ್ಲಾಪುರದ ಆ ಮನುಷ್ಯನಿಗೆ ಗೊತ್ತಿಲ್ಲದೆ ಇರಲು ಸಾಧ್ಯವಿರಲಿಲ್ಲ. ಆದರೂ ಅವರು, ಸಾಕ್ಷಿ ಹೇಳಿದ್ದನ್ನು ಮಾತ್ರ ನಾನು ಹೇಳಬಹುದು ಮೇಡಂ ಎಂದರು. ಹಾಗಾಗಿ ಯಜಮಾನರೇ ಹೇಳಬೇಕಾಯಿತು. ಚಿಕ್ಕಂದಿನಲ್ಲಿ ದೀಕ್ಷೆಯಾದಾಗ ಕಟ್ಟಿದ್ದು. ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಲ್ಲಿ ಧರಿಸುವುದು. ಮುಂಜಾನೆ ಸ್ನಾನವಾದ ಮೇಲೆ ಅದನ್ನು ಹೊರತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುವುದು. ಆ ದಿನವೂ ಅಂಗೈಯಲ್ಲಿತ್ತು. ಅವರು ಬಂದಾಗ ಮುಷ್ಟಿ ಕಟ್ಟಿದೆ. ಬಂಗಾರವೇನೋ ಇದೆ ಎಂದುಕೊಂಡು ತೆಗಿ ತೆಗಿ ಎಂದರು. ತೆಗೆಯಲಿಲ್ಲ. ಹೊಡೆದರು. ಕೈ ತಾನೇ ಬಿಚ್ಚಿತು. ಹಲಗೆಯ ಮೇಲಿದ್ದ ಕರಡಿಗೆಯನ್ನೂ ಒಯ್ದರು.

ಇಂಥವು ಸಾವಿರ ಇರುತ್ತವೆ, ನಿಮ್ಮದೇ ಎಂದು ಹೇಗೆ ಹೇಳುತ್ತೀರಿ ಎಂದು ನ್ಯಾಯಾಧೀಶರು ಕೇಳಿದರು. ಯಜಮಾನರು ತಡಮಾಡಲಿಲ್ಲ. ಅಡಿಯಲ್ಲಿ ಒಂದು ಕಡೆ ಕಂತಿ ಒಡೆದಿತ್ತು, ಅಂದರೆ ಮೇಲಿನ ಕಪ್ಪು ಲೇಪ. ಬಹಳ ವರ್ಷಗಳ ಹಿಂದೆ ಊರಿನ ಅಯ್ಯನವರು ಅದನ್ನು ತುಂಬಿಕೊಟ್ಟಿದ್ದರು. ಅಲ್ಲಿ ಅರ್ಧಚಂದ್ರದ ಹಾಗೆ ಒಂದು ಏಣು ಉಳಿದಿದೆ. ಅಂಗೈಯಲ್ಲಿಟ್ಟಾಗ ಅದು ಉಂಗುರಬೆರಳಿನ ಬುಡಕ್ಕೆ ಬರುತ್ತದೆ. ಇದನ್ನೆಲ್ಲ ಬರೆಸಿದ ಮೇಲೆಯೇ ನ್ಯಾಯಾಧೀಶರು ಪೊಟ್ಟಣ ಬಿಚ್ಚಿಸಿದರು. ತಾವು ಮುಟ್ಟಲಿಲ್ಲ. ಸಿಬ್ಬಂದಿ ಅದನ್ನು ಕಾಗದದ ಮೇಲೆ ಉರುಳಿಸಿ ಅಡಿ ತೋರಿಸಿದ. ನಾನು ಕೂತ ಕಡೆಯಿಂದಲೂ ಏಣು ಕಾಣುತ್ತಿತ್ತು. ಯಜಮಾನರು ಹೇಳಿರದ ಗುರುತೊಂದೂ ಅದರ ಮೇಲಿತ್ತು. ಯಾರೋ ಒಳಗೇನಿದೆ ಎಂದು ಚಾಕುವಿನಿಂದ ಕೆರೆದು ನೋಡಿದ ಗೆರೆ. ಅದನ್ನು ಕಂಡು ಯಜಮಾನರು ಮುಖ ಪಕ್ಕಕ್ಕೆ ತಿರುಗಿಸಿದರು.

ಪಾಟೀಸವಾಲಿಗೆ ಎದ್ದ ಆರೋಪಿಗಳ ವಕೀಲರಿಗೆ ದಾರಿ ಸ್ಪಷ್ಟವಾಗಿತ್ತು. ಘಟನೆಯ ದಿನ ಬರೆಸಿದ ದೂರನ್ನು ಕೈಯಲ್ಲಿ ಹಿಡಿದರು. ಅದರಲ್ಲಿ ಬೋರಮಾಳ ಇತ್ತು, ಬಳೆ ಇತ್ತು, ಗಡಿಯಾರ ಇತ್ತು. ಲಿಂಗ ಇರಲಿಲ್ಲ, ಬೆಳ್ಳಿಯ ಕರಡಿಗೆ ಇರಲಿಲ್ಲ, ಮುಷ್ಟಿಯ ಮಾತೂ ಇರಲಿಲ್ಲ. ದೂರಿನಲ್ಲಿ ಇರಲೇಬೇಕಾದ ಮುಖ್ಯ ಸಂಗತಿ ಇಲ್ಲದೆ, ವರ್ಷಗಳ ನಂತರ ಕಟ್ಟೆಯಲ್ಲಿ ಹೊಸದಾಗಿ ಬಂದರೆ ಕೋರ್ಟು ಅದನ್ನು ಅನುಮಾನದಿಂದಲೇ ನೋಡುತ್ತದೆ. ಅಷ್ಟು ಪವಿತ್ರವಾದ ವಸ್ತು ಹೋಗಿದ್ದರೆ ನೀವು ಮೊದಲು ಅದನ್ನೇ ಹೇಳುತ್ತಿದ್ದಿರಿ, ಅಲ್ಲವೇ ಎಂದು ಅವರು ಕೇಳಿದರು.

"ಮಾಲು ಏನೇನು ಹೋತು ಅಂತ ಕೇಳಿದ್ರು. ಬಂಗಾರ ಹೇಳಿದೆ, ಗಡಿಯಾರ ಹೇಳಿದೆ. ಅದು ಮಾಲಲ್ರಿ."

ಗುಮಾಸ್ತರು ಇದನ್ನು ಮರಾಠಿಗೆ ತಿರುಗಿಸಿದರು. ವಕೀಲರು ಬಿಡಲಿಲ್ಲ. ಸರಿ, ಪೊಲೀಸರಿಗೆ ಹೇಳಲಿಲ್ಲ, ಡಾಕ್ಟರಿಗೆ ಹೇಳಲಿಲ್ಲ, ಈ ಮೂರು ವರ್ಷದಲ್ಲಿ ಬೇರೆ ಯಾರಿಗಾದರೂ ಹೇಳಿದಿರಾ?

"ಯಾರಿಗೆ ಹೇಳ್ಲಿ?" ಯಜಮಾನರ ಧ್ವನಿ ಏರಲಿಲ್ಲ. "ಮೈಮ್ಯಾಲಿಂದ ಲಿಂಗ ಹೋದ ಮ್ಯಾಲ ಮನುಷ್ಯಾ ಉಳೀಬಾರ್ದು ಅಂತಿದ್ರು ನಮ್ಮ ಹಿರ್ಯಾರು. ನಾ ಉಳದೆ. ದಿನಾ ಅಂಗಡಿ ತಗದು ಖಣಾ ತೋರಿಸಿದೆ. ನಾಚಿಕಿ ಬರ್ತಿತ್ರಿ."

ಹೊಸ ಲಿಂಗ ಪಡೆಯಬಹುದಿತ್ತಲ್ಲ ಎಂದು ಕೇಳಿದ್ದಕ್ಕೆ, ಪಡೆಯಬಹುದಿತ್ತು, ಆದರೆ ಮಠದ ಸ್ವಾಮಿಗಳು ಹಳೆಯದು ಎಲ್ಲಿ ಎಂದು ಕೇಳುತ್ತಿದ್ದರು ಎಂದರು.

ಕೊನೆಗೆ, ನ್ಯಾಯಾಧೀಶರ ಅನುಮತಿ ಪಡೆದು ಸರ್ಕಾರಿ ವಕೀಲರು ಆರೋಪಿಗಳನ್ನು ತೋರಿಸಿ ಎಂದಾಗ ಮೊದಲಿಬ್ಬರ ಕಡೆ ಕೈ ಮಾಡಿದರು. ಇನ್ನೊಬ್ಬ? ಸರ್ಕಾರಿ ವಕೀಲರು ಮೂರನೆಯ ಆರೋಪಿಯತ್ತ ನೋಡುತ್ತಲೇ ಕೇಳಿದರು. "ಮೂರನೇ ಅವನ ಮಾರಿ ನಾ ನೋಡಿಲ್ರಿ" ಎಂದರು ಯಜಮಾನರು. "ಕಪಾಟದ ಕಡೆ ನಿಂತಿದ್ದ. ಬೆನ್ನ ಕಂಡದ. ಬೆನ್ನ ನೋಡಿ ಹೆಂಗ ಹೇಳ್ಲಿ?" ಸರ್ಕಾರಿ ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು.

ಹೊರಗೆ ಬೆಂಚಿನ ಮೇಲೆ ಯಜಮಾನರು ಹೆಂಡತಿಯ ಮುಖ ನೋಡದೆ ಕೂತರು. ಹೆಂಡತಿ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರ ಸಾಕ್ಷಿ ಹಿಂದಿನ ತಾರೀಕಿಗೇ ಮುಗಿದಿತ್ತು. ಅವರು ಗಂಡನನ್ನು ಬಿಟ್ಟು ನನ್ನೊಡನೆ ಮಾತಾಡಿದರು. "ನನಗ ಗೊತ್ತಿತ್ತವಾ ತಂಗಿ. ಹೊಸಾ ಕರಡಿಗಿ ತಂದು ಕೊಳ್ಳಾಗ ಹಾಕ್ಕೊಂಡ್ರು. ತುಂಬಿದ ಡಬ್ಬಿ ಯಾವುದು, ಖಾಲಿ ಡಬ್ಬಿ ಯಾವುದು ಅಂತ ಅಡಿಗಿ ಮಾಡಾಕಿಗೆ ಗೊತ್ತಾಗಂಗಿಲ್ಲೇನು? ಮೂರು ವರ್ಷ ಕದಾ ಮುಂದ ಮಾಡಿ ಖಾಲಿ ಅಂಗೈ ನೋಡ್ಕೋತ ಕುಂತಾರ. ನಾನೂ ಸುಮ್ನಿದ್ದೆ." ಆಮೇಲೆ ಗಂಡನ ಕಡೆ ತಿರುಗಿ, "ಅಲ್ರಿ, ಪೊಲೀಸರಿಗೆ ಹೇಳಾಕ ನಾಚಿಕಿ ಅಂತೀರಿ. ನನಗೂ?" ಎಂದರು. ಯಜಮಾನರು ತುಸು ನಕ್ಕ ಹಾಗೆ ಕಂಡಿತು.

ಅವರಿಗೆ ಬೇಕಾದದ್ದು ಈಗ ಎಲ್ಲರಿಗೂ ತಿಳಿದಿತ್ತು. ಬಂಗಾರದ ಆಸೆಯನ್ನು ಅವರು ಬಿಟ್ಟಾಗಿತ್ತು. ಶಿಕ್ಷೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆ ವಸ್ತು ಕೈಗೆ ಬರಬೇಕು. ಆದರೆ ಅದು ತಕರಾರಿನಲ್ಲಿರುವ ಪುರಾವೆಯಾದ್ದರಿಂದ ತೀರ್ಪಿನವರೆಗೆ ಕೋರ್ಟಿನಲ್ಲೇ ಇರಬೇಕಿತ್ತು. ನ್ಯಾಯಾಧೀಶರು ಅವರ ಮಾತನ್ನು ನಂಬದಿದ್ದರೆ, ಅದು ಯಾರದೂ ಅಲ್ಲದ ಒಂದು ಕಪ್ಪು ಕಲ್ಲು. ಹಳೆಯ ಬೀಗ, ಮುರಿದ ಸರಳುಗಳ ಜೊತೆ ಅದೂ ವಿಲೇವಾರಿಯಾಗುತ್ತಿತ್ತು.

ವಾದ ನಡೆದ ಎರಡು ದಿನ ನನಗೆ ಭರವಸೆ ಇರಲಿಲ್ಲ. ದೂರಿನಲ್ಲಿ ಇಲ್ಲದ್ದು ಕಟ್ಟೆಯಲ್ಲಿ ಬಂದದ್ದರಿಂದ ಬಿದ್ದುಹೋದ ಕೇಸುಗಳನ್ನು ನಾನೇ ವರದಿ ಮಾಡಿದ್ದೆ. ನನ್ನ ಆಸೆ ಒಂದು ಕಾಗದದ ಮೇಲಿತ್ತು. ಡಾಕ್ಟರ ಪ್ರಮಾಣಪತ್ರದಲ್ಲಿ ಮಣಿಕಟ್ಟಿನ ಮುರಿತದ ಕೆಳಗೆ ಇನ್ನೊಂದು ಸಾಲಿತ್ತು: ಎಡ ಅಂಗೈಯಲ್ಲಿ ಬಾಗಿದ ಆಕಾರದ, ಪೆಟ್ಟಿನಿಂದ ಕಂದಿದ ಒಂದು ಕಲೆ. ಏಣಿನ ಅರ್ಧಚಂದ್ರ ಅಲ್ಲಿ ಅಚ್ಚೊತ್ತಿದೆ ಎಂದು ನನಗೆ ಖಾತ್ರಿಯಾಗಿತ್ತು. ಅದೇ ಶೀರ್ಷಿಕೆಯಾಗುತ್ತದೆ ಎಂದೂ ಅಂದುಕೊಂಡಿದ್ದೆ.

ತೀರ್ಪಿನ ದಿನ ನ್ಯಾಯಾಧೀಶರು ಮುಖ್ಯ ಭಾಗವನ್ನು ಓದಿದರು. ಮೊದಲು, ತಾವು ಯಾವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದನ್ನು ಹೇಳುತ್ತ ಹೋದರು. ಅಕ್ಕಸಾಲಿಗನ ಅಂಗಡಿಯ ಕಾಗದ ಬೇಡ. ಸರಳು ಬೇಡ, ಅಂಥದ್ದು ಯಾವ ಮನೆಯಲ್ಲೂ ಸಿಗುತ್ತದೆ. ಹೆಂಡತಿಯ ಗುರುತಿಸುವಿಕೆ ಬೇಡ, ಅವರು ಠಾಣೆಯಲ್ಲೇ ಆರೋಪಿಗಳನ್ನು ನೋಡಿದ್ದಾರೆ. ಅಂಗೈಯ ಕಲೆ ಬೇಡ, ಬಾಗಿದ ಕಲೆ ಹತ್ತು ಕಾರಣಕ್ಕೆ ಆಗಬಹುದು, ಡಾಕ್ಟರನ್ನು ಆ ಬಗ್ಗೆ ಯಾರೂ ಕೇಳಿಲ್ಲ. ಅಲ್ಲಿಗೆ ನನ್ನ ಶೀರ್ಷಿಕೆ ಹೋಯಿತು. ಅವರು ಒಂದೊಂದನ್ನೇ ಪಕ್ಕಕ್ಕಿಡುತ್ತಿದ್ದಂತೆ ಯಜಮಾನರ ಹೆಂಡತಿ ನನ್ನ ತೋಳು ಹಿಡಿದು, ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಇನ್ನೂ ಮುಗಿದಿಲ್ಲ ಎಂದೆ.

ಉಳಿದದ್ದು ನಾಲ್ಕನೆಯ ಪೊಟ್ಟಣ. ಅದು ದೂರಿನಲ್ಲಿ ಇಲ್ಲ ಎಂಬುದೇ ಆರೋಪಿಗಳ ದೊಡ್ಡ ವಾದ ಎಂದರು ನ್ಯಾಯಾಧೀಶರು. ತೀರ್ಪಿನ ಮಾತು ಹೀಗಿತ್ತು: ನಾನು ಆ ವಾದವನ್ನು ತಿರುಗಿಸಿ ನೋಡಿದ್ದೇನೆ. ದೂರಿನಲ್ಲಿ ಇದ್ದಿದ್ದರೆ, ಪೊಲೀಸರೇ ಇಂಥದ್ದೊಂದನ್ನು ತಂದಿಟ್ಟರು ಎನ್ನಲು ಅವಕಾಶವಿತ್ತು. ಕಳೆದುಹೋಗಿದೆ ಎಂದೇ ಗೊತ್ತಿಲ್ಲದ ವಸ್ತುವನ್ನು ಯಾರೂ ತಂದಿಡಲಾರರು. ಜಪ್ತಿ ಮಾಡಿದ ಹವಾಲ್ದಾರರಿಗೆ ಅದು ಏನೆಂದೇ ತಿಳಿದಿರಲಿಲ್ಲ, ಕಲ್ಲು ಎಂದು ಬರೆದರು. ತಿರುಗಿಬಿದ್ದ ಪಂಚನಿಗೂ ಕಲ್ಲು ಬರೆದುಕೊಂಡದ್ದು ನೆನಪಿದೆ, ನಕ್ಕಿದ್ದನಂತೆ. ತಿರುಗಿಬಿದ್ದ ಸಾಕ್ಷಿಯ ಮಾತನ್ನೆಲ್ಲ ಎಸೆಯಬೇಕಿಲ್ಲ. ಮಾಲೀಕರು ಅಡಿಯ ಗುರುತನ್ನು ನೋಡುವ ಮೊದಲೇ ಹೇಳಿದ್ದಾರೆ. ಕದ್ದ ವಸ್ತು ಆರೇ ದಿನದಲ್ಲಿ ತಮ್ಮ ಕೋಣೆಯಲ್ಲಿ ಸಿಕ್ಕಿದ್ದಕ್ಕೆ ಮೊದಲಿಬ್ಬರು ಕಾರಣ ಹೇಳಿಲ್ಲ. ಸಾಕ್ಷಿ ಆ ಇಬ್ಬರನ್ನು ಗುರುತಿಸಿದ್ದನ್ನು ನಂಬುತ್ತೇನೆ. ಮೂರನೆಯವನನ್ನು ಗುರುತಿಸುವುದು ಅವರಿಗೆ ಸುಲಭವಿತ್ತು, ಅವರು ಗುರುತಿಸಲಿಲ್ಲ ಎಂಬುದೂ ನಂಬಲು ಒಂದು ಕಾರಣ.

ಕದ್ದವರು ಅದನ್ನು ಯಾಕೆ ಎಸೆಯದೆ ಇಟ್ಟುಕೊಂಡರು ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ಅದನ್ನು ನಿರ್ಧರಿಸುವ ಅಗತ್ಯವಿಲ್ಲ ಎಂದು ತೀರ್ಪಿನಲ್ಲೇ ಇತ್ತು. ಮೊದಲಿಬ್ಬರಿಗೆ ಶಿಕ್ಷೆಯಾಯಿತು. ಮೂರನೆಯವನ ವಿರುದ್ಧ, ಉಳಿದಿಬ್ಬರು ಪೊಲೀಸರ ಮುಂದೆ ಅವನ ಹೆಸರು ಹೇಳಿದ್ದು ಬಿಟ್ಟರೆ ಏನೂ ಇರಲಿಲ್ಲ. ಅವನು ಬಿಡುಗಡೆಯಾದ. ಆರೋಪಿಗಳು ತಮ್ಮದೆನ್ನದ ಆ ವಸ್ತುವಿನ ಫೋಟೋ ತೆಗೆದಿಟ್ಟು, ಮೇಲ್ಮನವಿಗೆ ಕಾಯದೆ ಅದನ್ನು ಮಾಲೀಕರಿಗೆ ಕೊಡಬೇಕೆಂದೂ ಆದೇಶವಾಯಿತು.

ಸಂಜೆ ನಾನು ಎಂಟು ಪ್ಯಾರಾ ಬರೆದೆ. ಗೊತ್ತಿಲ್ಲದ್ದನ್ನು ಯಾರೂ ತಂದಿಡಲಾರರು ಎಂಬ ಸಾಲಿನ ಮೇಲೆ ಮುಖ್ಯ ಉಪಸಂಪಾದಕರು ಪೆನ್ಸಿಲ್ ಇಟ್ಟು, ಇದು ಅವರದ್ದೋ ನಿನ್ನದೋ ಎಂದರು. ನೋಟುಬುಕ್ಕು ತೋರಿಸಿದೆ. ಅವರು ಆ ಸಾಲನ್ನು ಎರಡನೆಯ ಪ್ಯಾರಾಕ್ಕೆ ಏರಿಸಿದರು.

ಮುಂದಿನ ವಾರ ಬೇರೆ ಕೇಸಿಗೆಂದು ಹೋದಾಗ ಗಂಡಹೆಂಡತಿ ಮಾಲುಕೋಣೆಯ ಹೊರಗೆ ಸಿಕ್ಕರು. ಕಾಗದಗಳಿಗೆ ಸಹಿಯಾಗಿತ್ತು. ಯಜಮಾನರು ಪೊಟ್ಟಣವನ್ನು ಕೈಯಲ್ಲಿ ತೆಗೆದುಕೊಂಡಿರಲಿಲ್ಲ. ಸಿಬ್ಬಂದಿ ಅದನ್ನು ಹೊಸ ಬಿಳಿ ಬಟ್ಟೆಯೊಂದರ ಮೇಲೆ ಇಟ್ಟಿದ್ದ. ಬಸ್ಸಿನಲ್ಲಿ ಬಂದ ಕೈ, ತೊಳೆಯದೆ ಮುಟ್ಟುವುದು ಹೇಗೆ? ಹೆಂಡತಿ ಚೀಲದಿಂದ ನೀರಿನ ತಂಬಿಗೆ ತೆಗೆದರು. ಅಂಗಳದ ಮರದ ಕೆಳಗೆ ಯಜಮಾನರು ಕೈಕಾಲು ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಎಡ ಅಂಗೈ ಚಾಚಿದರು. ಮುರಿದು ಕೂಡಿದ ಆ ಕೈ ನೇರ ನಿಲ್ಲುತ್ತಿರಲಿಲ್ಲ. ಬೀಳೀತೆಂಬ ಹೆದರಿಕೆ ಅವರ ಮುಖದಲ್ಲೇ ಕಾಣುತ್ತಿತ್ತು.

"ಇಡ್ರಿ, ನಾ ಅದೀನಿ" ಎಂದು ಹೆಂಡತಿ ಗಂಡನ ಕೈಯ ಕೆಳಗೆ ತಮ್ಮ ಎರಡೂ ಕೈ ಆನಿಸಿದರು.

ಅವರು ಬಲಗೈಯಿಂದ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಸುತ್ತ ವಕೀಲರು ಓಡಾಡುತ್ತಿದ್ದರು, ಯಾರೋ ಯಾರನ್ನೋ ತಾರೀಕಿಗೆ ಕೂಗುತ್ತಿದ್ದರು. ಇಬ್ಬರೂ ಹಾಗೆಯೇ ನಿಂತಿದ್ದರು. ನನ್ನ ಕೇಸು ಕರೆದದ್ದು ಕೇಳಿಸಿತು, ನಾನು ಒಳಗೆ ಹೋದೆ.